ಅವರು ‘ಬಿಡಿ’ ಅಂದರು, ನಾನು ಸ್ಟೀಮ್ ಬಿಟ್ಟೆ

ನೇರವಾಗಿ ಹೇಳುತ್ತೇನೆ, ನನಗೆ ಆ ಮನುಷ್ಯನನ್ನು ಕಂಡರೆ ಹೊಟ್ಟೆಕಿಚ್ಚು. ಈಗಲೂ ಇದೆ. ಇದನ್ನು ಓದಿ “ಛೇ, ಇಷ್ಟು ವಯಸ್ಸಾದ ಮೇಲೂ ಹೀಗಾ?” ಎಂದು ಕಮೆಂಟ್ ಹಾಕುವವರು ಧಾರಾಳವಾಗಿ ಹಾಕಿ. ನನಗೆ ನಲವತ್ತೊಂಬತ್ತು. ತಲೆಕೂದಲು ಕಡಿಮೆಯಾಗಿದೆ, ಹೊಟ್ಟೆಕಿಚ್ಚು ಆಗಿಲ್ಲ.

ಮೊದಲು ನನ್ನ ಕೆಲಸ ಯಾವುದು ಎಂದು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕತಾರಿನಲ್ಲಿ ಸ್ಟೀಮ್ ಪೈಪ್ ರಿಪೇರಿ ಮಾಡುತ್ತೇನೆ ಎಂದರೆ ಊರಿನವರು ನಗುತ್ತಾರೆ. “ಅಲ್ಲಿ ಹೊರಗೆ ನಿಂತ್ರೇ ಬೇಯ್ತದೆ, ಮತ್ತೆ ಸ್ಟೀಮ್ ಯಾಕೆ ಮಾರಾಯ?” ಎಂದು ನನ್ನ ಭಾವ ಪ್ರತಿ ಸಲ ಕೇಳುತ್ತಾನೆ. ಹೋಟೆಲ್ ಬೆಡ್‌ಶೀಟ್‌ಗಳಿಗೆ ಬಿಸಿಲು ಸಾಕಾಗುವುದಿಲ್ಲ, ಅದಕ್ಕೆ. ಉಮ್ಮ್ ಸಲಾಲ್ ಕಡೆ ಇರುವ ನಮ್ಮ ದೊಡ್ಡ ಲಾಂಡ್ರಿಗೆ ಲುಸೈಲ್‌ನ ಹೋಟೆಲುಗಳಿಂದ ದಿನವೂ ವ್ಯಾನುಗಟ್ಟಲೆ ಬಟ್ಟೆ ಬರುತ್ತದೆ. ಹಿಂದೆ ಬಾಯ್ಲರ್ ರೂಮು. ಅಲ್ಲಿಂದ ಹಬೆ ಪೈಪಿನಲ್ಲಿ ಹೊರಟು ತೊಳೆಯುವ ಮೆಷಿನು, ಒಣಗಿಸುವ ಮೆಷಿನು, ಇಸ್ತ್ರಿಯ ದೊಡ್ಡ ರೋಲರುಗಳನ್ನೆಲ್ಲ ಬಿಸಿ ಮಾಡಿ, ನೀರಾಗಿ ವಾಪಸು ಬರುತ್ತದೆ. ಹೋಟೆಲುಗಳು ಹೊಸವು. ನಮ್ಮ ಪೈಪುಗಳು ಹಳೆಯವು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಸೋರುತ್ತವೆ. ಬಿಚ್ಚೋಣ ಎಂದರೆ ಜಾಯಿಂಟುಗಳು ತುಕ್ಕು ಹಿಡಿದು ಒಂದೇ ತುಂಡಿನ ಹಾಗೆ ಕೂತಿರುತ್ತವೆ.

ಹನ್ನೊಂದು ವರ್ಷ ಆ ಪೈಪುಗಳಿಗೆ ನಾನೊಬ್ಬನೇ ದಿಕ್ಕು. ಎಲ್ಲಿ ಬುಸ್ ಎಂದರೂ ನನಗೆ ಫೋನು. ಊಟಕ್ಕೆ ಕೂತಿದ್ದರೂ ಫೋನು, ಶುಕ್ರವಾರ ಬಟ್ಟೆ ಒಗೆಯುತ್ತಿದ್ದರೂ ಫೋನು. ಬೈದುಕೊಂಡೇ ಹೋಗುತ್ತಿದ್ದೆ. ಆದರೆ ನಾನು ಒಳಗೆ ಕಾಲಿಟ್ಟ ಕೂಡಲೇ ರೋಲರಿನ ಹೆಂಗಸರು “ಬಂದ್ರು, ಬಂದ್ರು” ಎಂದು ತಮ್ಮ ತಮ್ಮ ಭಾಷೆಯಲ್ಲಿ ಹೇಳಿಕೊಂಡು ದಾರಿ ಬಿಡುತ್ತಿದ್ದರಲ್ಲ, ಅದು ನನಗೆ ಬೇಕಿತ್ತು. ಮನೆಯಲ್ಲಿ ನನಗೆ ಹಾಗೆ ಯಾರೂ ದಾರಿ ಬಿಡುವುದಿಲ್ಲ.

ಆಮೇಲೆ ಕುಂದಾಪುರದವರು ಬಂದರು.

ಹೆಸರು ಬೇಡ. ಲಾಂಡ್ರಿಯಲ್ಲಿ ಎಲ್ಲರೂ ಅವರನ್ನು ಕುಂದಾಪ್ರದವರು ಎಂದೇ ಕರೆಯುವುದು. ನೇಪಾಳದ ಹೆಂಗಸರು ಅದನ್ನು “ಕುಂಡಾಪರ್” ಮಾಡಿದ್ದಾರೆ. ನನಗಿಂತ ಎರಡು ವರ್ಷ ದೊಡ್ಡವರು, ತೆಳ್ಳಗೆ, ಮಾತು ನಿಧಾನ. ಊರಿನಲ್ಲಿ ಕುಚ್ಚಲಕ್ಕಿ ಮಿಲ್ಲಿನಲ್ಲಿ ಭತ್ತ ಬೇಯಿಸುವ ಬಾಯ್ಲರ್ ನೋಡಿಕೊಂಡಿದ್ದವರು. ಅಷ್ಟೇ ಅವರ ಅನುಭವ. ನನ್ನ ಹತ್ತಿರ ಐಟಿಐ ಸರ್ಟಿಫಿಕೇಟು ಇದೆ, ಎರಡು ಕಂಪೆನಿಗಳ ಅನುಭವಪತ್ರ ಇದೆ. ಮೊದಲ ದಿನ ಬಾಯ್ಲರ್ ರೂಮಿನಲ್ಲಿ ನಾನೇ ಕೇಳಿದೆ, “ಇಲ್ಲಿ ಅಕ್ಕಿ ಬೇಯ್ಸುದಲ್ಲ, ಗೊತ್ತುಂಟಲ್ಲ?”

ಅವರು ನಕ್ಕರು. “ಹಬೆಗೆ ಎಂತ ಗೊತ್ತ್ ಮಾರಾಯ್ರೆ, ಇದ್ ಭತ್ತವಾ ಬೆಡ್‌ಶೀಟಾ ಅಂತ್ಹೇಳಿ.”

ಅವರ ನಗು ನೋಡಿ, ಮಾತು ಅರ್ಥವಾಗದ ಸುತ್ತಲಿನವರೂ ನಕ್ಕರು. ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲೇ ಎಂದು ನನ್ನ ಅಂದಾಜು.

ಎರಡನೇ ವಾರ. ಎರಡನೇ ನಂಬರಿನ ರೋಲರಿಗೆ ಹೋಗುವ ಪೈಪಿನಲ್ಲಿ ಒಂದು ಯೂನಿಯನ್ ಸೋರುತ್ತಿತ್ತು. ಯೂನಿಯನ್ ಎಂದರೆ ಎರಡು ಪೈಪಿನ ತುದಿಗಳನ್ನು ಹಿಡಿದಿಡುವ ದೊಡ್ಡ ನಟ್ಟಿನಂಥ ಜಾಯಿಂಟು. ಬಿಚ್ಚಿ, ಒಳಗಿನ ಮುಖ ಉಜ್ಜಿ, ಮತ್ತೆ ಕೂರಿಸಬೇಕು. ನಾನು ಪೈಪ್ ರೆಂಚಿನ ಹಿಡಿಗೆ ನಾಲ್ಕಡಿ ಪೈಪು ತೂರಿಸಿ ನೇತಾಡಿದೆ. ಬರಲಿಲ್ಲ. ಇನ್ನೊಬ್ಬನನ್ನು ಕರೆದು ಇಬ್ಬರೂ ನೇತಾಡಿದೆವು. ಯೂನಿಯನ್ ಅಲ್ಲೇ ಇತ್ತು, ಅದರ ಪಕ್ಕದ ಎಲ್ಬೋ, ಪೈಪು ತಿರುಗುವ ಮೂಲೆಯ ತುಂಡು, ಒಡೆಯಿತು.

“ಒಂದ್ ಗಳ್ಗಿ ನಿಲ್ಲಿ, ನಾ ಕಾಂಬ,” ಎಂದು ಕುಂದಾಪುರದವರು ಬಂದರು. ಕೈಯಲ್ಲಿ ಸಣ್ಣ ಸುತ್ತಿಗೆ. ಯೂನಿಯನ್ನಿನ ಸುತ್ತ ಟಿಕ್ ಟಿಕ್ ಎಂದು ತಟ್ಟಿದರು, ತೆಂಗಿನಕಾಯಿ ಬಲಿತಿದೆಯೋ ಇಲ್ಲವೋ ನೋಡುವ ಹಾಗೆ. ಬ್ಲೋ ಲ್ಯಾಂಪಿನಿಂದ ಸ್ವಲ್ಪ ಕಾಯಿಸಿದರು. ಆಮೇಲೆ ಜೇಬಿನಿಂದ ಒಂದು ಮೋಂಬತ್ತಿ ತೆಗೆದರು! ಅದರ ತುದಿಯನ್ನು ಬಿಸಿಯಾದ ಜಾಯಿಂಟಿಗೆ ಮುಟ್ಟಿಸಿದ ಕೂಡಲೇ ಮೇಣ ಕರಗಿ, ಕುಡಿದ ಹಾಗೆ ಒಳಗೆ ಹೋಯಿತು. ಆಮೇಲೆ ಎರಡು ರೆಂಚು ಹಾಕಿ ಮೊದಲು ಬಿಗಿ ಮಾಡಿದರು. ಸಡಿಲ ಮಾಡಬೇಕಾದ್ದನ್ನು ಬಿಗಿ ಮಾಡುತ್ತಿದ್ದಾರೆ ಎಂದು ನಾನು ಸುತ್ತ ಇದ್ದವರಿಗೆ ಕಣ್ಣು ಮಿಟುಕಿಸಿದೆ, ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ.

“ಸಿಕ್ಕಿದ್ದನ್ನ ಒಂದೇ ಕಡೆಗೆ ಎಳೆದ್ರೆ ಅದಕ್ಕೂ ಸಿಟ್ ಬತ್ತ್,” ಎಂದರು. “ಅದ್ ಎತ್ಲಾಗ್ ಹೋಪಕೆ ತಯಾರಿತ್ತೋ ಅತ್ಲಾಗೆ ಸಲ್ಪ ಬಿಡ್ಕ್. ಮತ್ತೆ ನಮ್ ಬದಿಗೆ ಕರೀಕ್.”

ಕೂದಲೆಳೆಯಷ್ಟು ಬಿಗಿಯಾಯಿತು, ಕಿರ್ ಎಂದಿತು, ಆಮೇಲೆ ಸುಮ್ಮನೆ ತಿರುಗಿ ಬಂತು. ಹೆಂಗಸರು ಚಪ್ಪಾಳೆ ಹೊಡೆದರು. ಹನ್ನೊಂದು ವರ್ಷದಲ್ಲಿ ನನಗೆ ದಾರಿ ಬಿಟ್ಟಿದ್ದಾರೆಯೇ ಹೊರತು ಒಂದು ಚಪ್ಪಾಳೆ ಹೊಡೆದಿಲ್ಲ.

ಅಲ್ಲಿಂದ ಫೋನುಗಳು ಕಡಿಮೆಯಾದವು. ಇಸ್ತ್ರಿ ಸೆಕ್ಷನ್ನಿನ ಇನ್‌ಚಾರ್ಜ್ ಮಂಗಳೂರಿನ ಕೊಂಕಣಿ ಅಕ್ಕ, ಐವತ್ತೈದು ದಾಟಿದವರು, ನನ್ನನ್ನು ಮೊದಲಿನಿಂದ ಬಲ್ಲವರು. ಅವರೇ ಒಂದು ದಿನ ಫೋನು ಮಾಡಿ, “ಅಣ್ಣಾ, ಕುಂದಾಪ್ರದವ್ರು ಹತ್ರ ಇದ್ದಾರಾ? ಅವ್ರ ಫೋನ್ ಬಿಜಿ ಬರ್ತಾ ಉಂಟು” ಎಂದು ಕೇಳಿದರು.

“ನಾನೇ ಬರ್ತೇನೆ ಅಕ್ಕ, ಎಂತ ಆಯ್ತು?”

“ನೀವು ಬರ್ಬಾರ್ದೂಂತ ಅಲ್ಲ. ನೀವು ಬಂದ್ರೆ ಆ ದೊಡ್ಡ ಪೈಪ್ ತರ್ತೀರಲ್ಲ, ಹುಡುಗಿಯರಿಗೆ ಹೆದ್ರಿಕೆ ಆಗ್ತದೆ.”

ಆ ಮೇಲೆ ನಾನು ಮಾಡಿದ ಸಣ್ಣತನಗಳನ್ನೂ ಹೇಳುತ್ತೇನೆ. ಊಟದ ಹೊತ್ತಿನಲ್ಲಿ ಯಾರೂ ಇಲ್ಲದಾಗ ಒಂದು ಯೂನಿಯನ್ನಿಗೆ ಮೋಂಬತ್ತಿ ಉಜ್ಜಿ ನೋಡಿದೆ. ಪೈಪು ತಣ್ಣಗಿತ್ತು, ಕಾಯಿಸಬೇಕೆಂಬುದು ಅವಸರದಲ್ಲಿ ಮರೆತೇ ಹೋಗಿತ್ತು. ಮೇಣ ಮೇಲೇ ಮೆತ್ತಿಕೊಂಡು, ಪೈಪು ಹುಟ್ಟುಹಬ್ಬದ ಕೇಕಿನ ಹಾಗೆ ಕಂಡಿತು. ಇನ್ನೊಂದು ದಿನ ಕುಂದಾಪುರದವರ ಟೂಲ್ ಬಾಕ್ಸಿನಲ್ಲಿದ್ದ ಮೋಂಬತ್ತಿಗಳನ್ನೆಲ್ಲ ತೆಗೆದು ಕಸಕ್ಕೆ ಹಾಕಿದೆ. ಮಾರನೆಯ ಶನಿವಾರ ಕೊಂಕಣಿ ಅಕ್ಕ ತಮ್ಮ ದೇವರ ಫೋಟೋದ ಮುಂದೆ ಉರಿದು ಉಳಿದ ತುಂಡುಗಳನ್ನೆಲ್ಲ ಕಟ್ಟಿ ತಂದು, “ನಿಮ್ಗೆ ಬೇಕಾಗ್ತದಲ್ಲ?” ಎಂದು ಅವರ ಕೈಗೆ ಕೊಟ್ಟರು. ನಾನು ಕಸಕ್ಕೆ ಹಾಕಿದ್ದು ನಾಲ್ಕು, ಅವರಿಗೆ ಸಿಕ್ಕಿದ್ದು ಒಂದು ಚೀಲ.

ನನ್ನ ಹೆಂಡತಿಗೆ ಫೋನಿನಲ್ಲಿ ಇವರ ದೂರು ಹೇಳುತ್ತಿದ್ದೆ. ಒಂದು ದಿನ ಅವಳು, “ನಮ್ಮ ಬಚ್ಚಲಿನ ನಳ್ಳಿ ಬಿಗಿ ಆಗಿದೆ, ಹೇಗೆ ತೆಗ್ಯುದು ಅಂತ ಆ ಕುಂದಾಪ್ರದವ್ರತ್ರ ಕೇಳಿ ಹೇಳಿ” ಎಂದಳು. ಫೋನು ಇಟ್ಟುಬಿಟ್ಟೆ.

ಇನ್ನು ಆಗಸ್ಟಿನ ಆ ದಿನದ ವಿಷಯ. ಅದಕ್ಕೆ ಒಂದು ವಾರ ಮುಂಚೆ ನಮ್ಮ ಮ್ಯಾನೇಜರು, ಮಲಯಾಳಿ, ಇಬ್ಬರನ್ನೂ ಕೂರಿಸಿ ಹೇಳಿದ್ದರು: ಸ್ಟೀಮ್ ಲೈನಿಗೆ ಇನ್ನು ಮುಂದೆ ಒಬ್ಬರೇ ಜವಾಬ್ದಾರಿ, ಇನ್ನೊಬ್ಬರು ಅವರ ಕೈಕೆಳಗೆ, ಬಾಯ್ಲರಿನಿಂದ ಹೊರಡುವ ಮೇನ್ ಲೈನಿನಲ್ಲಿ ಸೋರುವ ಜಾಯಿಂಟಿನ ರಿಪೇರಿ ಆದ ಮೇಲೆ ಯಾರು ಎಂದು ಹೇಳುತ್ತೇನೆ. ಹನ್ನೊಂದು ವರ್ಷದ ನನ್ನ ಜಾಗ ಉಳಿಯುತ್ತದೋ ಹೋಗುತ್ತದೋ ಎಂಬುದು ಒಂದು ಜಾಯಿಂಟಿನ ಮೇಲೆ ನಿಂತಿತ್ತು. ರಿಪೇರಿಯ ದಿನ ಮ್ಯಾನೇಜರು ಕೆಲಸ ಹಂಚಿದರು. ಜಾಯಿಂಟು ಬಿಚ್ಚಲು ಕುಂದಾಪುರದವರು. ಮೆಟ್ಟಿಲು ಹತ್ತಿ ಮೇಲೆ ವಾಲ್ವ್ ಹತ್ತಿರ ನಿಲ್ಲಲು ನಾನು. ವಾಲ್ವ್ ಹತ್ತಿರ ನಿಲ್ಲುವುದಕ್ಕೆ ಐಟಿಐ ಬೇಕಾಗಿಲ್ಲ. ಎರಡು ಕೈ ಇದ್ದರೆ ಸಾಕು.

ಲೈನು ಮುಚ್ಚಿ, ಒಳಗಿದ್ದ ಹಬೆ ಖಾಲಿ ಮಾಡಿದೆವು. ಕೆಲಸ ಮುಗಿದ ಮೇಲೆ ಅವರು ಕೆಳಗಿನಿಂದ “ಬಿಡಿ” ಎನ್ನಬೇಕು, ನಾನು ಸ್ವಲ್ಪ ಸ್ಟೀಮ್ ಬಿಡಬೇಕು, ಸೋರುತ್ತದೋ ನೋಡಬೇಕು. ಯಾವಾಗಲೂ ಹಾಗೆಯೇ ಮಾಡುತ್ತಿದ್ದದ್ದು. ಹಬೆಯನ್ನು ಕನ್ನಡದಲ್ಲಿ ಬಿಡುವುದೇ ಅಲ್ಲವೇ, ಮತ್ತೇನು ಮಾಡುವುದು?

ಅರ್ಧ ಗಂಟೆಯಾಯಿತು. ಜಾಯಿಂಟು ಅರ್ಧ ಬಿಚ್ಚಿ ನಿಂತುಬಿಟ್ಟಿತು. ಟಿಕ್ ಟಿಕ್ ಮಾಡಿದರು, ಮೇಣ ಕುಡಿಸಿದರು, ಬಿಗಿ ಮಾಡಿದರು, ಸಡಿಲ ಮಾಡಿದರು. ಬರಲಿಲ್ಲ. ಕೊಂಕಣಿ ಅಕ್ಕ, ರೋಲರಿನ ಹೆಂಗಸರು, ಮ್ಯಾನೇಜರು ಎಲ್ಲರೂ ನೋಡುತ್ತಿದ್ದರು. ನನಗೆ ಮೇಲೆ ನಿಂತು ಎಷ್ಟು ಖುಷಿ ಎಂದರೆ, ಬೆವರು ಇಳಿಯುತ್ತಿದ್ದದ್ದೂ ಗೊತ್ತಾಗಲಿಲ್ಲ. ತಡೆಯಲಾರದೆ ಕೂಗಿದೆ:

“ಎಂತ ಕುಂದಾಪ್ರ, ನನ್ನ ದೊಡ್ಡ ಪೈಪ್ ತರ್ಲಾ?”

ಅವರು ತಲೆ ಎತ್ತದೆ ಕೂಗಿದರು, “ಬಿಡೀ ಮಾರಾಯ್ರೆ, ಬಿಡೀ!”

ಕೊಂಕಣಿ ಅಕ್ಕ ನಕ್ಕರು. ಅವರು ನಕ್ಕದ್ದನ್ನು ಕಂಡು ಭಾಷೆ ಬಾರದ ಹೆಂಗಸರೂ ನಕ್ಕರು.

ನಾನು ವಾಲ್ವ್ ತಿರುಗಿಸಿದೆ.

ಅರ್ಧ ಸುತ್ತು. ಕೆಳಗೆ ಬುಸ್ ಎಂದು ಬಿಳಿ ಮೋಡ, ಯಾರದೋ ಕಿರುಚಾಟ. ಅದೇ ಕ್ಷಣ ವಾಪಸು ಮುಚ್ಚಿ ಮೆಟ್ಟಿಲು ಇಳಿದು ಓಡಿದೆ. ಕುಂದಾಪುರದವರು ಹಿಂದಕ್ಕೆ ಬಿದ್ದಿದ್ದರು. ಮುಖಕ್ಕೆ ಏನೂ ಆಗಿರಲಿಲ್ಲ. ಎಡಗೈ, ಮಣಿಕಟ್ಟಿನಿಂದ ಮೊಣಕೈವರೆಗೆ, ಕೆಂಪಾಗಿ ಬೆಂದಿತ್ತು. ಅವರನ್ನು ನಳ್ಳಿಯ ಹತ್ತಿರ ಎಳೆದುಕೊಂಡು ಹೋಗಿ ಕೈ ಮೇಲೆ ನೀರು ಬಿಟ್ಟೆ. ಅವರು ಇನ್ನೊಮ್ಮೆ ಕಿರುಚಿದರು. ಆಗಸ್ಟಿನಲ್ಲಿ ನಮ್ಮ ನಳ್ಳಿಯಲ್ಲಿ ಬರುವುದು ಟ್ಯಾಂಕಿನಲ್ಲಿ ಕಾದ ಬಿಸಿ ನೀರು. ಇಷ್ಟು ವರ್ಷ ಇಲ್ಲಿದ್ದವನಿಗೆ ಅದೂ ಹೊಳೆಯಲಿಲ್ಲ. ಕೊಂಕಣಿ ಅಕ್ಕನೇ ಕುಡಿಯುವ ನೀರಿನ ಕೂಲರಿನಿಂದ ಬಕೆಟ್ಟಿಗೆ ತಣ್ಣೀರು ಹಿಡಿದು ತಂದರು.

ಆಸ್ಪತ್ರೆಯಿಂದ ಬಂದ ಮೇಲೆ ಮ್ಯಾನೇಜರು ವಿಚಾರಣೆ ಮಾಡಿದರು. ನಾನು ಹಿಂದಿಯಲ್ಲಿ ಹೇಳಿದೆ: ನಮ್ಮ ಭಾಷೆಯಲ್ಲಿ ಬಿಡಿ ಎಂದರೆ ಸ್ಟೀಮ್ ಬಿಡಿ ಎಂದೂ ಆಗುತ್ತದೆ, ಬೇಡ ಸುಮ್ಮನಿರಿ ಎಂದೂ ಆಗುತ್ತದೆ. ಕುಂದಾಪುರದವರು ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು, “ಹೌದ್ ಸಾರ್, ತಪ್ಪ್ ನಂದೇ. ಬೇರೆ ಶಬ್ದ ಹೇಳ್ಕಿತ್ತ್” ಎಂದು ತಮ್ಮ ಹರಕು ಹಿಂದಿಯಲ್ಲೇ ಹೇಳಿದರು. ಮ್ಯಾನೇಜರು ನಮ್ಮಿಬ್ಬರನ್ನೂ ನೋಡಿ, ತಲೆ ಅಲ್ಲಾಡಿಸಿ, ಫಾರ್ಮಿನಲ್ಲಿ ಕಾರಣ ಎಂಬಲ್ಲಿ ಭಾಷೆಯ ತೊಂದರೆ ಎಂದು ಇಂಗ್ಲಿಷಿನಲ್ಲಿ ಬರೆದರು. ಇಡೀ ಲಾಂಡ್ರಿಯಲ್ಲಿ ಕನ್ನಡ ಬಲ್ಲವರು ನಾವು ಮೂವರು. ಭಾಷೆಯ ತೊಂದರೆ ಆದದ್ದು ನಮ್ಮಲ್ಲೇ.

ತೊಂದರೆ ಆಗಿರಲಿಲ್ಲ. ಸ್ಟೀಮ್ ಬಿಡಲು ಹೇಳುವ ‘ಬಿಡಿ’ ಚುಟುಕಾಗಿ ಬರುತ್ತದೆ, ಮೊಳೆಗೆ ಹೊಡೆದ ಹಾಗೆ. ಬೇಡ ಎನ್ನುವ ‘ಬಿಡೀ’ಯನ್ನು ಎಳೆಯುತ್ತೇವೆ, ಬಾಲಕ್ಕೆ ಒಂದು ಮಾರಾಯ್ರೆ ಕಟ್ಟುತ್ತೇವೆ. ತೊಟ್ಟಿಲಿನ ಮಗುವಿಗೂ ಅದು ತಿಳಿಯುತ್ತದೆ. ಅದಲ್ಲದೆ ತರ್ಲಾ ಎಂದು ಕೇಳಿದವನು ನಾನು, ಉತ್ತರ ಬಂದದ್ದು ನನ್ನ ಪ್ರಶ್ನೆಗೆ. ನನಗೆ ಅದು ಸರಿಯಾಗಿಯೇ ಕೇಳಿತ್ತು. ಆ ನಗುವೂ ಕೇಳಿತ್ತು.

ಸ್ಟೀಮ್ ಲೈನಿನ ಜವಾಬ್ದಾರಿ ನನಗೆ ಬಂತು. ಬೇರೆ ಯಾರೂ ಇರಲಿಲ್ಲ, ಅವರ ಕೈ ಕಟ್ಟಿನಲ್ಲಿತ್ತು. ಫೋನು ಮತ್ತೆ ನನಗೇ. “ಅಣ್ಣಾ, ಸ್ವಲ್ಪ ಬರ್ತೀರಾ?” ನಾನು ಹೋಗುತ್ತಿದ್ದೆ, ರಿಪೇರಿ ಮಾಡುತ್ತಿದ್ದೆ. ಹೆಂಗಸರು ದಾರಿ ಬಿಡುತ್ತಿದ್ದರು, ಬಿಟ್ಟ ಕೂಡಲೇ ಕೇಳುತ್ತಿದ್ದರು, “ಕುಂಡಾಪರ್ ಹ್ಯಾಂಡ್ ಓಕೆ?” ಬಿಸ್ಕತ್ತು ಕೊಟ್ಟು, “ಕುಂಡಾಪರ್‌ಗೆ ಕೊಡಿ” ಎನ್ನುತ್ತಿದ್ದರು. ಅಕ್ಕ ದಿನವೂ ಗಂಜಿ, ಮೀನು ಸಾರು ಕಟ್ಟಿ ಕಳಿಸುತ್ತಿದ್ದರು, ನನ್ನ ಕೈಯಲ್ಲೇ. ಇಲ್ಲಿ ನಿಮಗೆ ನಗು ಬರಬಹುದು: ಆ ಬೆಂದ ಕೈಯ ಮೇಲೂ ನನಗೆ ಹೊಟ್ಟೆಕಿಚ್ಚು ಬಂತು. ನನ್ನ ಕೈ ಸುಟ್ಟಿದ್ದರೆ ಯಾರು ಮೀನು ಸಾರು ಕಳಿಸುತ್ತಿದ್ದರು ಎಂದು ಲೆಕ್ಕ ಹಾಕಿದೆ. ಯಾರೂ ಸಿಗಲಿಲ್ಲ.

ನಾವಿಬ್ಬರೂ ಕಂಪೆನಿಯ ಒಂದೇ ಫ್ಲಾಟಿನಲ್ಲಿ ಇದ್ದದ್ದು, ಅಲ್ ಗರಾಫಾದಲ್ಲಿ. ಅವರ ಬಟ್ಟೆ ನಾನು ಒಗೆದೆ. ಬ್ರಶ್ಶಿಗೆ ಪೇಸ್ಟು ಹಾಕಿಕೊಟ್ಟೆ. ಲುಂಗಿ ಕಟ್ಟಿಕೊಳ್ಳಲು ಒಂದೇ ಕೈಯಲ್ಲಿ ಒದ್ದಾಡುತ್ತಿದ್ದಾಗ ಗಂಟು ಹಾಕಿಕೊಟ್ಟೆ. ಅವರು ಊರಿಗೆ ಫೋನು ಮಾಡಿದಾಗ ನಾನು ಅಡುಗೆಮನೆಯಲ್ಲಿದ್ದೆ. ಹೆಂಡತಿಯ ಹತ್ತಿರ ಹೇಳುತ್ತಿದ್ದರು, “ಎಂತ ಹೆದರ್ಬೇಡ. ಇಲ್ಲಿ ಒಬ್ರಿದ್ರ್, ಅಣ್ಣ-ತಮ್ಮಂದಿರೂ ಹಾಂಗೆ ನೋಡ್ಕಂಬುದಿಲ್ಲ.” ಆ ದಿನ ನನ್ನ ಸಾರಿಗೆ ಉಪ್ಪು ಎರಡು ಸಲ ಬಿತ್ತು.

ಮೂರು ವಾರ ಕಳೆದು ಅವರು ಕೆಲಸಕ್ಕೆ ಬಂದರು. ಆ ಮೇನ್ ಲೈನಿನ ಜಾಯಿಂಟು ಇನ್ನೂ ಹಾಗೇ ಇತ್ತು, ನಾನು ಹಿಂದಕ್ಕೆ ಬಿಗಿದು, ಪಟ್ಟಿ ಸುತ್ತಿ ತಾತ್ಕಾಲಿಕವಾಗಿ ಸೋರಿಕೆ ನಿಲ್ಲಿಸಿದ್ದೆ. ಅವರು ಅದನ್ನು ನೋಡಿ, “ಇವತ್ತ್ ಮುಗ್ಸುವ” ಎಂದರು. ಬಾಯ್ಲರ್ ರೂಮಿನಲ್ಲಿ ನಾವಿಬ್ಬರೇ. ತೋಳಿನ ಗುಂಡಿ ಹಾಕಿಕೊಳ್ಳುತ್ತಾ ಹೇಳಿದರು, “ಮೇಲೆ ನೀವೇ ನಿಲ್ಲಿ. ಬೇರೆಯವ್ರಾದ್ರೆ ನಂಗೆ ಹೆದ್ರಿಕೆ. ಈ ಸಲ ಬಿಡಿ ಅನ್ನುದಿಲ್ಲ, ಅರಬ್ಬರ ಹಾಂಗೆ ‘ಯಲ್ಲಾ’ ಅಂತ್ಹೇಳಿ ಕೂಗ್ತೆ.”

ನನಗೆ ಮೆಟ್ಟಿಲು ಹತ್ತಲು ಆಗಲಿಲ್ಲ.

“ಆವತ್ತು ನನ್ಗೆ ಸರಿಯಾಗೇ ಕೇಳಿತ್ತು,” ಎಂದೆ.

“ಎಂತದ್?”

“ನೀವು ಬೇಡ ಅಂದದ್ದು. ನನ್ಗೆ ಗೊತ್ತಾಗಿತ್ತು. ಗೊತ್ತಾಗಿಯೇ ತಿರ್ಗಿಸಿದ್ದು.”

ಅವರು ನನ್ನ ಮುಖ ನೋಡಲಿಲ್ಲ, ಮೇಲೆ ವಾಲ್ವಿನ ಚಕ್ರವನ್ನು ನೋಡಿದರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ, ಪೆಟ್ಟಿಗೂ ಕಾಯುತ್ತಿದ್ದೆ.

“ಎಷ್ಟ್ ಸುತ್ತ್?” ಎಂದು ಕೇಳಿದರು.

“ಅರ್ಧ.”

“ಅದ್ ಬಿಗಿ ಇತ್ತಲ್ದಾ. ಎರಡೂ ಕೈ ಹಾಕ್ಕ್.”

“ಹೌದು.”

“ಕಾಲ್ ಊರಿ ನಿಲ್ಕ್.”

“ಹೌದು.”

“ಅಷ್ಟ್ ಹೊತ್ತ್ ಇತ್ತ್ ಹಂಗಾರೆ ನಿಮ್ಗೆ,” ಎಂದರು.

ಮೂವತ್ತು ವರ್ಷ ವಾಲ್ವ್ ತಿರುಗಿಸಿದವನು ಆಡುವ ಮಾತು ಅದು. ನಾನು ಒಂದೇ ಕ್ಷಣದಲ್ಲಿ ಆಗಿಹೋಯಿತು ಎಂದು ನನಗೇ ಹೇಳಿಕೊಂಡು ಮೂರು ವಾರ ಕಳೆದಿದ್ದೆ. ಅದು ಒಂದು ಕ್ಷಣದ ಕೆಲಸ ಅಲ್ಲ. ಕೈ ಊರಬೇಕು, ಕಾಲು ಊರಬೇಕು, ಉಸಿರು ಹಿಡಿಯಬೇಕು. ಪ್ರತಿಯೊಂದರಲ್ಲೂ ನಿಲ್ಲಿಸಲು ಜಾಗ ಇತ್ತು.

ಅವರು ಸ್ಟೋರಿಗೆ ಹೋದರು. ಬರುವಾಗ ಒಂದು ಸರಪಳಿ, ಒಂದು ಬೀಗ. ತಾವೇ ಮೆಟ್ಟಿಲು ಹತ್ತಿ ವಾಲ್ವ್ ಮುಚ್ಚಿ, ಅದರ ಚಕ್ರಕ್ಕೆ ಸರಪಳಿ ಸುತ್ತಿ ಬೀಗ ಹಾಕಿದರು. ಇಳಿದು ಬಂದು ಹೇಳಿದರು, “ಬನ್ನಿ, ಆ ಬದಿಯ ರೆಂಚ್ ನೀವ್ ಹಿಡೀಕ್. ನನ್ ಕೈಗೆ ಇನ್ನೂ ಬಲ ಇಲ್ಲ.”

ಇಬ್ಬರೂ ಸೇರಿ ಜಾಯಿಂಟು ಬಿಚ್ಚಿದೆವು. ಮಧ್ಯೆ ಕೊಂಕಣಿ ಅಕ್ಕ ಬಂದು ಮೇಲೆ ನೋಡಿ, “ಎಂತಕ್ಕೆ ಬೀಗ? ಸ್ಟೀಮ್ ಕದಿಯುವ ಕಳ್ಳರು ಬಂದಿದ್ದಾರಾ?” ಎಂದು ಕೇಳಿದರು.

ನನ್ನ ಕೈ ರೆಂಚಿನ ಮೇಲೆ ಹಾಗೇ ನಿಂತಿತು.

“ಸೇಫ್ಟಿ ರೂಲ್ ಅಕ್ಕ,” ಎಂದರು ಕುಂದಾಪುರದವರು. “ಮೊದ್ಲೇ ಮಾಡ್ಕಿತ್ತ್.”

ಅವರು ಯಾರಿಗೂ ಹೇಳಲಿಲ್ಲ, ಅಕ್ಕನಿಗೂ ಇಲ್ಲ, ಮ್ಯಾನೇಜರಿಗೂ ಇಲ್ಲ. ಮರುದಿನ ನಾನೇ ಮ್ಯಾನೇಜರ ಹತ್ತಿರ ಹೋಗಿ ಲೈನಿನ ಜವಾಬ್ದಾರಿ ಅವರಿಗೇ ಕೊಡಿ ಎಂದೆ. ಯಾಕೆ ಎಂದು ಕೇಳಿದರು. ಕಾರಣವನ್ನು ಪೂರ್ತಿ ಹೇಳಿದೆ, ಹಿಂದಿಯಲ್ಲಿ, ಮೊದಲ ಸಲ ಹೇಳಿದಷ್ಟೇ ಸಲೀಸಾಗಿ. ವಾರ್ನಿಂಗ್ ಲೆಟರು ಬಂತು, ಕೆಲಸ ಉಳಿಯಿತು. ಉಳಿದದ್ದು ಹೇಗೆಂದರೆ ಕುಂದಾಪುರದವರು ಒಳಗೆ ಹೋಗಿ ಒಂದು ಮಾತು ಹೇಳಿ ಬಂದದ್ದರಿಂದ ಎಂದು ಆಮೇಲೆ ಗೊತ್ತಾಯಿತು. ಏನು ಹೇಳಿದರೋ ಗೊತ್ತಿಲ್ಲ, ಕೇಳಲಿಲ್ಲ. ಅಷ್ಟು ದೊಡ್ಡ ಮನುಷ್ಯ ಆಗಬೇಕೆಂದು ನನಗೂ ಆಸೆಯಾಗುತ್ತದೆ, ಆದವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಎರಡೂ ಒಟ್ಟಿಗೆ.

ಫ್ಲಾಟಿನಲ್ಲಿ ಅವರು ನನ್ನ ಹತ್ತಿರ ಮಾತಾಡುತ್ತಾರೆ, ಮೊದಲಿನಷ್ಟು ಅಲ್ಲ. ಊಟಕ್ಕೆ ಕರೆಯುತ್ತಾರೆ. ಮಾರಾಯ್ರೆ ಎನ್ನುವುದು ಮಾತ್ರ ನಿಂತಿದೆ. ಕೆಲಸದಲ್ಲಿ ಈಗ ನಾನು ಅವರ ಕೈಕೆಳಗೆ, ಎದುರು ಬದಿಯ ರೆಂಚು ಹಿಡಿಯುವವನು. ಪ್ರತಿ ಸಲ ಶುರು ಮಾಡುವ ಮುಂಚೆ ಅವರು ಮೇಲೆ ಹತ್ತಿ ಸರಪಳಿ ಸುತ್ತುತ್ತಾರೆ, ಬೀಗ ಒತ್ತುತ್ತಾರೆ, ಒಮ್ಮೆ ಎಳೆದು ನೋಡುತ್ತಾರೆ. ಇಳಿದು ಬಂದು ಕೀಯನ್ನು ಅಂಗಿಯ ಜೇಬಿಗೆ ಹಾಕಿ, ಜೇಬಿನ ಗುಂಡಿ ಹಾಕುತ್ತಾರೆ. ಅವರು ಗುಂಡಿ ಹಾಕುವವರೆಗೆ ನಾನು ಬೇರೆ ಕಡೆ ನೋಡುವುದಿಲ್ಲ. ಆಮೇಲೆ ಇಬ್ಬರೂ ರೆಂಚು ಎತ್ತಿಕೊಳ್ಳುತ್ತೇವೆ.